ಕಾಡುಕೆರೆಯ ಕಲ್ಲುಬಾನಿ

ಮುರಿಗೆಯ್ಯನೆಂಬ ಶಿಷ್ಯ ಗುರುಗಳನ್ನು ಕೇಳಿದ: “ಒಬ್ಬರಿಗೆ ಕೇಡು ಮಾಡಿದವನು ಅದನ್ನು ಬಾಯಿಬಿಟ್ಟು ಹೇಳಲೇಬೇಕೇ? ಹೇಳಿದರೆ ಅವರಿಗೂ ನೋವು, ಇವನಿಗೂ ಅವಮಾನ. ಅದರ ಬದಲು ಬದುಕಿರುವವರೆಗೆ ಅವರ ಸೇವೆ ಮಾಡಿದರೆ ಸಾಲದೇ?”

ಗುರುಗಳು ಅವನ ಮುಖ ನೋಡಿದರು. ಆಮೇಲೆ ಈ ಕತೆ ಹೇಳಿದರು.

ದಟ್ಟ ಕಾಡಿನ ನಡುವೆ ಒಂದು ಕೆರೆಯಿತ್ತು. ಮಳೆಗಾಲ ಕಳೆದ ಮೇಲೆ ಅದರ ದಂಡೆಯಲ್ಲಿ ಹುಲ್ಲು ಸೊಂಪಾಗಿ ಬೆಳೆಯುತ್ತಿತ್ತು. ಕುದುರೆ ಮಾರುವವರು, ಕುದುರೆಯ ಮೇಲೆ ಸರಕು ಹೇರುವವರು ಅಲ್ಲಿಗೆ ಬಂದು ತಿಂಗಳೊಪ್ಪತ್ತು ಬೀಡು ಬಿಡುತ್ತಿದ್ದರು. ಬಳಲಿದ ಕುದುರೆಗಳು ಮೇದು ಮೈತುಂಬಿಕೊಂಡ ಮೇಲೆ ಮುಂದಿನ ದಾರಿ ಹಿಡಿಯುತ್ತಿದ್ದರು. ಕೆರೆಯ ಅಂಚೆಲ್ಲ ಕೆಸರು; ಕುದುರೆ ಇಳಿದರೆ ಹೂತುಹೋಗುತ್ತಿತ್ತು. ಆದ್ದರಿಂದ ಹಿಂದಿನವರು ದಂಡೆಯ ಮೇಲೆ ಕಲ್ಲಿನ ದೊಡ್ಡ ಬಾನಿಯೊಂದನ್ನು ಇಟ್ಟಿದ್ದರು. ನೀರು ಹೊತ್ತು ತಂದು ಅದಕ್ಕೆ ತುಂಬಬೇಕು, ಎಲ್ಲರ ಕುದುರೆಗಳೂ ಅದರಲ್ಲೇ ಕುಡಿಯಬೇಕು. ಅಲ್ಲಿದ್ದ ಕಟ್ಟಳೆ ಒಂದೇ: ಕಾಯಿಲೆಯ ಕುದುರೆ ಬಾನಿಗೆ ಬಾಯಿ ಹಾಕಬಾರದು, ಅದರ ಒಡೆಯ ಎಲ್ಲರಿಗೂ ತಿಳಿಸಿ ಅದನ್ನು ದೂರ ಕಟ್ಟಬೇಕು.

ಒಂದು ವರ್ಷ ಒಬ್ಬ ವ್ಯಾಪಾರಿ ಆರು ಕುದುರೆಗಳೊಂದಿಗೆ ಅಲ್ಲಿಗೆ ಬಂದ. ಅವುಗಳಲ್ಲಿ ಒಂದರ ಮೂಗಿನಿಂದ ಕೀವು ಇಳಿಯುತ್ತಿತ್ತು. ಅದು ಯಾವ ರೋಗವೆಂದು ಅವನಿಗೆ ಗೊತ್ತಿತ್ತು. ಕುದುರೆಯಿಂದ ಕುದುರೆಗೆ ಅಂಟುತ್ತದೆ, ಒಮ್ಮೊಮ್ಮೆ ಮನುಷ್ಯರಿಗೂ ಅಂಟುತ್ತದೆ ಎಂಬುದೂ ಗೊತ್ತಿತ್ತು. ಹೇಳಿದರೆ ಬೀಡಿನವರು ತನ್ನನ್ನು ಅಲ್ಲಿಂದ ಎಬ್ಬಿಸುತ್ತಾರೆ, ಸುದ್ದಿ ಹಬ್ಬಿದರೆ ಉಳಿದ ಐದನ್ನೂ ಯಾರೂ ಕೊಳ್ಳುವುದಿಲ್ಲ ಎಂದು ಹೆದರಿದ. ದಿನಾ ಅದರ ಮೂಗು ಒರೆಸಿ, ಉಳಿದವುಗಳ ಜೊತೆಗೇ ಬಾನಿಯಲ್ಲಿ ನೀರು ಕುಡಿಸಿದ. ನಾಲ್ಕನೆಯ ದಿನ ಅದು ಮೇವು ಬಿಟ್ಟಿತು. ಅದನ್ನು ಕಾಡಿನೊಳಕ್ಕೆ ನಡೆಸಿಕೊಂಡು ಹೋಗಿ ಕೊಂದು ಹೂತ. ಹುಲಿ ಹಿಡಿಯಿತೆಂದು ಬಂದು ಹೇಳಿದ. ಬೀಡಿನವರು ಮರುಗಿದರು. ಆ ಸಂಜೆ ಅವನೊಬ್ಬನೇ ಕೂತು ಬಾನಿಯನ್ನು ಬೂದಿ ಹಾಕಿ ಉಜ್ಜಿ ತೊಳೆದ. ಅಲ್ಲಿಗೆ ಮುಗಿಯಿತೆಂದುಕೊಂಡ.

ಅವನ ಪಕ್ಕದಲ್ಲಿ ಉಪ್ಪು ಮಾರುವವನೊಬ್ಬ ಹೆಂಡತಿಯೊಡನೆ ಬೀಡು ಬಿಟ್ಟಿದ್ದ. ಅವರಿಗಿದ್ದದ್ದು ಒಂದು ಗಂಡು ಕುದುರೆ, ಒಂದು ಹೆಣ್ಣು ಕುದುರೆ, ಅದರ ಮರಿ. ಹತ್ತು ದಿನಗಳಾದ ಮೇಲೆ ಗಂಡು ಕುದುರೆಯ ಮೂಗು ಸೋರತೊಡಗಿತು. ಅದು ತನ್ನ ಕುದುರೆಯಿಂದಲೇ ಅಂಟಿದ್ದೆಂದು ವ್ಯಾಪಾರಿಗೆ ತಿಳಿಯಿತು. ಅಂದಿನಿಂದ ಅವನು ತನ್ನ ಕೆಲಸ ಬಿಟ್ಟು ಆ ಕುದುರೆಯ ಆರೈಕೆಗೆ ನಿಂತ. ಬೇರು ತೊಗಟೆ ಹುಡುಕಿ ತಂದು ಕಷಾಯ ಕಾಸಿದ, ಗಂಜಿ ಕುಡಿಸಿದ, ಮೈ ತಿಕ್ಕಿದ. ಉಪ್ಪಿನವನ ಹೆಂಡತಿ ತನ್ನ ಸೆರಗಿನಿಂದಲೇ ಕುದುರೆಯ ಮೂಗು ಒರೆಸುತ್ತಿದ್ದಳು.

ಒಂದು ದಿನ ಅವಳು ಕೇಳಿದಳು: “ಅಣ್ಣಾ, ನೀವು ಕುದುರೆ ಬಲ್ಲವರು. ಇದು ಅಂಟುಜಾಡ್ಯವೇ? ಹೌದಾದರೆ ಹೇಳಿ, ತಾಯಿಯನ್ನೂ ಮರಿಯನ್ನೂ ಈಗಲೇ ಆಚೆ ದಡದಲ್ಲಿ ಕಟ್ಟಿ ಬರುತ್ತೇನೆ.”

ಹೇಳಲೆಂದು ಅವನು ಬಾಯಿ ತೆರೆದ. ಆದರೆ ಅಂಟುಜಾಡ್ಯ ಎಂದರೆ ಎಲ್ಲಿಂದ ಬಂತೆಂದು ಕೇಳುತ್ತಾಳೆ. ಇಷ್ಟು ದಿನ ಅಣ್ಣ ಎಂದವಳು ಆಮೇಲೆ ತನ್ನನ್ನು ಹೇಗೆ ನೋಡುವಳೋ ಎನ್ನಿಸಿತು.

“ಇಲ್ಲ ತಾಯಿ, ಹೊಸ ಹುಲ್ಲು ಒಗ್ಗಿಲ್ಲ, ಅಷ್ಟೆ,” ಎಂದ.

ಅವಳು ನಂಬಿದಳು. ಮೂರನ್ನೂ ಒಂದೇ ಕಡೆ ಕಟ್ಟಿದಳು. ಗಂಡು ಕುದುರೆ ಸತ್ತಿತು. ಆಮೇಲೆ ಮರಿ, ಮರಿಯ ಹಿಂದೆ ತಾಯಿ. ಅದು ಸತ್ತ ವಾರಕ್ಕೆ ಅವಳಿಗೇ ಜ್ವರ ಬಂತು. ಮೈಮೇಲೆ ಗುಳ್ಳೆಗಳೆದ್ದು ಕೀವಾದವು. ಉಸಿರು ಕಟ್ಟತೊಡಗಿತು. ಬೀಡಿನವರು ಒಬ್ಬೊಬ್ಬರಾಗಿ ಡೇರೆ ಕಿತ್ತು ಹೊರಟರು. ವ್ಯಾಪಾರಿ ಹೋಗಲಿಲ್ಲ. ಗಂಡ ದಣಿದಾಗ ತಾನು ಬಳಿ ಕೂತು ಬಾಯಿಗೆ ನೀರು ಹನಿಸಿದ, ಹಾಸಿಗೆ ಬದಲಿಸಿದ, ಹೊಲಸು ಬಳಿದ. ಅಂಟುತ್ತದೆಂದು ಗೊತ್ತಿದ್ದೂ ಮುಟ್ಟಿದ. ತನಗೂ ಬರಲಿ ಎಂದು ಬಯಸಿದನೋ ಏನೋ; ಬರಲಿಲ್ಲ. ಹತ್ತನೆಯ ದಿನ ಅವಳು ಸತ್ತಳು. ಸಾಯುವ ಮುಂಚೆ ಗಂಡನಿಗೆ, ಈ ಅಣ್ಣನನ್ನು ಮರೆಯಬೇಡ ಎಂದಳು.

ಇಬ್ಬರೇ ಹೆಣ ಹೊತ್ತು ಕೆರೆಯ ಮೇಲಿನ ದಿಬ್ಬದಲ್ಲಿ ಮಣ್ಣು ಮಾಡಿದರು. ಉಪ್ಪಿನವನು ವ್ಯಾಪಾರಿಯ ಕಾಲು ಹಿಡಿದು ಅತ್ತ. ಆಗಲೂ ವ್ಯಾಪಾರಿ ಹೇಳಲಿಲ್ಲ. ತನ್ನ ಐದರಲ್ಲಿ ಒಳ್ಳೆಯದನ್ನು ಆರಿಸಿ, ಉಪ್ಪಿನ ಮೂಟೆಗಳನ್ನು ತಾನೇ ಅದರ ಮೇಲೆ ಹೇರಿ, ಲಗಾಮನ್ನು ಅವನ ಕೈಗಿಟ್ಟ. ಬೇಡವೆಂದರೂ ಬಿಡಲಿಲ್ಲ. ಅವನು ಹೊರಟುಹೋದ ಮೇಲೆ ವ್ಯಾಪಾರಿಯ ಮನಸ್ಸು ಸ್ವಲ್ಪ ಹಗುರವಾಯಿತು.

ಎಂಟು ದಿನ ಕಳೆಯಿತು. ಉಳಿದ ನಾಲ್ಕರಲ್ಲಿ ಒಂದರ ಮೂಗು ಸೋರಿತು. ತಾನು ಕೊಟ್ಟ ಕುದುರೆಗೂ ಬಂದಿರಬಹುದೆಂದು ಅವನಿಗೆ ಹೊಳೆಯಿತು. ಹೇರು ಹೊತ್ತ ಕುದುರೆಯ ನಡಿಗೆ ನಿಧಾನ. ಕುದುರೆಯೇರಿ ಬೆನ್ನು ಹತ್ತಿದ್ದರೆ ಐದಾರು ದಿನದಲ್ಲಿ ಅವನನ್ನು ಮುಟ್ಟಬಹುದಿತ್ತು. ಮುಟ್ಟಿದರೆ ಹೇಳಬೇಕಾಗುತ್ತಿತ್ತು. ಹೋಗಲಿಲ್ಲ.

ಉಪ್ಪಿನವನು ಕಾಡು ದಾಟಿ ಒಂದು ಊರು ಸೇರಿದ್ದ. ಅವನ ಕುದುರೆಯನ್ನು ನೋಡಿ ಊರಿನವರು, ಇದಕ್ಕೇನಾಗಿದೆ ಎಂದು ಕೇಳಿದರು. ಅವನು ತನಗೆ ತಿಳಿದದ್ದನ್ನೇ ಹೇಳಿದ: ಹೊಸ ಹುಲ್ಲು ಒಗ್ಗಿಲ್ಲ. ತನ್ನ ಕುದುರೆಗಳಿಗೂ ಹೀಗೇ ಆಗಿತ್ತು, ಕುದುರೆ ಬಲ್ಲ ದೇವರಂಥ ಮನುಷ್ಯನೊಬ್ಬ ಹೇಳಿದ ಮಾತು ಇದು ಎಂದೂ ಹೇಳಿದ. ಊರಿನವರು ಅದನ್ನು ತಮ್ಮ ಕುದುರೆಗಳ ಸಾಲಿನಲ್ಲೇ ಕಟ್ಟಿಸಿದರು. ಆ ಚಳಿಗಾಲದಲ್ಲಿ ಆ ಊರಿನ ಒಂದು ಕುದುರೆಯೂ ಉಳಿಯಲಿಲ್ಲ. ಅವುಗಳನ್ನು ನೋಡಿಕೊಂಡ ನಾಲ್ವರು ಸತ್ತರು. ಉಪ್ಪಿನವನೂ ಅವರಲ್ಲೊಬ್ಬ.

ಗುರುಗಳು ಕತೆ ನಿಲ್ಲಿಸಿದರು. ಸುದ್ದಿ ವ್ಯಾಪಾರಿಗೆ ಮುಟ್ಟಿತೇ ಎಂದು ಮುರಿಗೆಯ್ಯ ಮೆಲ್ಲನೆ ಕೇಳಿದ.

“ಮುಟ್ಟಿತು. ಆ ದಿಬ್ಬದ ಮೇಲೆ ಅವಳ ನೆನಪಿಗೆ ಮಂಟಪ ಕಟ್ಟಿಸಿದ. ಬೀಡು ಬಿಟ್ಟವರಿಗೆಲ್ಲ ಅಲ್ಲಿ ವರ್ಷವರ್ಷ ಅನ್ನ ಹಾಕಿಸಿದ. ಪುಣ್ಯವಂತ ಎನ್ನಿಸಿಕೊಂಡೇ ಸತ್ತ.”

ಮುರಿಗೆಯ್ಯ ತಲೆ ತಗ್ಗಿಸಿದ. ಗುರುಗಳು ಎದ್ದು ನಿಂತು ಕೇಳಿದರು:

“ನೀನು ಹೇಳಬೇಕಾದವರು ಇನ್ನೂ ಬದುಕಿದ್ದಾರೆಯೇ?”