ಮೂಟೆ ಎದ್ದು ಬಂದ ಬಾಗಿಲು

ಹೇಳು ನೋಡೋಣ ಚಿನ್ನಿ, ಬಾಗಿಲಿಗೆ ಬೀಗ ಬಿದ್ದಿದೆ, ಬೀಗದ ಕೈ ದೇವರ ಮುಂದೆ ಪೂಜೆಗೆ ಕೂತಿದೆ, ನಾಳೆ ಬೆಳಗಿನವರೆಗೆ ಯಾರೂ ಮುಟ್ಟೋ ಹಾಗಿಲ್ಲ, ಒಳಗೊಂದು ಪುಟ್ಟ ಮಗು. ಅದು ಹೊರಗೆ ಹೇಗೆ ಬಂತು? ಕಿಟಕಿಯಿಂದಲಾ? ಕಿಟಕಿಯೇ ಇರಲಿಲ್ಲವಲ್ಲ! ಇಲಿಯಾಗಿ ಬಂತಾ? ಆಹಾ, ಜಾಣೆ. ಹೊದ್ದುಕೋ, ಹೇಳ್ತೀನಿ.

ಒಂದಾನೊಂದು ಕಾಲದಲ್ಲಿ ಅರಳೆಪುರ ಅಂತ ಒಂದು ಪೇಟೆ ಇತ್ತಂತೆ. ಅಲ್ಲಿ ಹತ್ತಿ ಎಷ್ಟು ಅಂದರೆ, ಗಾಳಿ ಬೀಸಿದರೆ ಮೋಡವೇ ಬೀದಿಗಿಳಿದು ನಡೆದಾಡುತ್ತಿತ್ತಂತೆ, ಎಮ್ಮೆಗಳೆಲ್ಲ ಬೆಳ್ಳಗಾಗಿ ಸಂಜೆ ಮನೆಗೆ ಬಂದರೆ ಯಜಮಾನರಿಗೇ ಗುರುತು ಸಿಗುತ್ತಿರಲಿಲ್ಲವಂತೆ. ಅಲ್ಲಿ ತಿಪ್ಪಾಶೆಟ್ಟರದೊಂದು ಹತ್ತಿ ಮಳಿಗೆ, ಅವರಿಗೆ ಪದ್ದಿ ಅಂತ ಒಬ್ಬಳೇ ಮೊಮ್ಮಗಳು. ಶೆಟ್ಟರಿಗೆ ಹಗಲೂ ರಾತ್ರಿ ಕಳ್ಳರದೇ ಯೋಚನೆ. ಕಮ್ಮಾರ ಮೌನಾಚಾರಿಯ ಮೂರು ಮಕ್ಕಳನ್ನೂ ಕರೆಸಿ, ಯಾರೂ ತೆಗೆಯದಂಥ ಬೀಗ ಮಾಡಿಕೊಡ್ರಪ್ಪ ಅಂದರಂತೆ. ಪರೀಕ್ಷೆ ಮಾಡೋಕೆ ಯಾರು ಗೊತ್ತಾ? ಕನ್ನದ ಕೆಂಚ! ಕಳ್ಳತನ ಬಿಟ್ಟು ಮುದುಕನಾಗಿ ಜಗಲಿ ಮೇಲೆ ಎಲೆಯಡಿಕೆ ಜಗೀತಾ ಕೂತಿದ್ದವನು.

ದೊಡ್ಡ ಮಗ ಆನೆತಲೆಯಷ್ಟು ದೊಡ್ಡ ಬೀಗ ಮಾಡಿದನಂತೆ. ಕೆಂಚ ಅದಕ್ಕೊಂದು ನಮಸ್ಕಾರ ಹಾಕಿ, ಬಾಗಿಲಿನ ಇನ್ನೊಂದು ಅಂಚಿಗೆ ಹೋಗಿ, ಬಾಗಿಲು ತಿರುಗೋ ಕೀಲಿನ ಕಡ್ಡಿ ಎಳೆದುಬಿಟ್ಟನಂತೆ, ಬಾಗಿಲೇ ಕಳಚಿ ಬಂತಂತೆ. ಆಮೇಲೆ ಎರಡನೆಯವನು ಕೀಲು ಭದ್ರ ಮಾಡಿ, ಏಳು ಸುತ್ತಿನ ಬೀಗ ತಂದನಂತೆ. ಕೆಂಚ ಬೀಗ ಸಿಕ್ಕಿಸಿದ್ದ ಕೊಂಡಿಯ ಮೊಳೆಗಳನ್ನೇ ಹಲ್ಲು ಕಿತ್ತ ಹಾಗೆ ಕಿತ್ತನಂತೆ. ಆಮೇಲೆ ಮೂರನೆಯವಳು, ಮುದ್ದಮ್ಮ, ಬೀಗವನ್ನು ಮರದ ಹೊಟ್ಟೆಯೊಳಗೇ ಕೂರಿಸಿದಳಂತೆ, ಕೀಲಿನ ತಲೆ ಬಡಿದು ಚಪ್ಪಟೆ ಮಾಡಿದಳಂತೆ, ಹೊರಗೆ ಕಾಣೋದು ಒಂದೇ ಒಂದು ತೂತು. ಕೆಂಚ ಮಧ್ಯಾಹ್ನದವರೆಗೆ ಪರದಾಡಿ, ತಾಯೀ, ನಾನು ವಯಸ್ಸಲ್ಲಿದ್ದಾಗ ನೀನು ಹುಟ್ಟಿರಲಿಲ್ಲ, ನನ್ನ ಪುಣ್ಯ ಅಂದನಂತೆ.

ಶೆಟ್ಟರು ಹಿಗ್ಗಿ ಒಳಗೆ ಹೋಗಿ ನೋಡಿದರೆ, ಮೊಣಕಾಲಿಗಿಂತ ಸ್ವಲ್ಪ ಮೇಲೆ ಒಂದು ಅಡ್ಡಪಟ್ಟಿ! ಅದಕ್ಕೆ ಒರಗಿದರೆ ಸಾಕು, ಬೀಗ ತಾನೇ ಕಳಚಿಕೊಳ್ಳುತ್ತೆ. ಇದ್ಯಾಕವ್ವ, ಮೂಟೆಗಳು ಎದ್ದು ಬರ್ತಾವಾ ಅಂತ ನಕ್ಕರಂತೆ. ಬಾಗಿಲಿಗೆ ಎರಡು ಮುಖ ಶೆಟ್ರೇ, ಒಳಗಿನ ಮುಖದ ಮುಂದೆ ಯಾರು ನಿಂತಿರ್ತಾರೋ ಯಾರಿಗೆ ಗೊತ್ತು ಅಂದಳಂತೆ ಮುದ್ದಮ್ಮ. ಇವರು ಕೇಳಲಿಲ್ಲ. ಹಬ್ಬ ಕಳೀಲಿ, ಕಿತ್ತು ಹಾಕಿಸ್ತೀನಿ ಅಂದರಂತೆ.

ಹಬ್ಬ ಬಂತು, ಆಯುಧಪೂಜೆ. ಅವತ್ತು ಪೂಜೆ ಮಾಡಿದ ಹತಾರವನ್ನು ಮಾರನೇ ದಿನದವರೆಗೆ ಮುಟ್ಟಬಾರದಲ್ಲ? ಶೆಟ್ಟರು ಮಳಿಗೆಯೊಳಗೆ ತಕ್ಕಡಿಯ ಮುಂದೆ ದೀಪ ಹಚ್ಚಿಟ್ಟು, ಬಾಗಿಲಿಗೆ ಬೀಗ ಹಾಕಿ, ಬೀಗದ ಕೈಗೆ ಅರಿಶಿನ ಕುಂಕುಮ ಬಳಿದು, ಎದುರಿಗಿದ್ದ ತಮ್ಮ ಮನೆಯಲ್ಲಿ ದೇವಿಯ ಮುಂದೆ ತಟ್ಟೆಯಲ್ಲಿಟ್ಟರಂತೆ. ಊಟದ ಎಲೆ ಹಾಕಿದರೆ ಪದ್ದಿ ಇಲ್ಲ. ನಸುಕಿಗೇ ಎದ್ದಿದ್ದ ಕೂಸು ಮೂಟೆಗಳ ಹಿಂದೆ ಹತ್ತಿಯಲ್ಲಿ ಮುಳುಗಿ ನಿದ್ದೆ ಹೋಗಿತ್ತಂತೆ. ಅಷ್ಟರಲ್ಲಿ ಬೆಕ್ಕು ದೀಪ ಉರುಳಿಸಿತ್ತು, ಬಾಗಿಲ ಸಂದಿಯಲ್ಲಿ ಹೊಗೆ!

ಶೆಟ್ಟರು ತಟ್ಟೆಯ ಹತ್ತಿರ ಓಡಿದರಂತೆ, ಚಾಚಿದ ಕೈ ಗಾಳಿಯಲ್ಲೇ ನಿಂತುಬಿಟ್ಟಿತಂತೆ. ಪೂಜೆಯದು, ಹೇಗೆ ಮುಟ್ಟೋದು? ಅವರ ಹೆಂಡತಿ ಅಚ್ಚಮ್ಮ, ಮುಟ್ಟ್ರೀ ಅತ್ಲಾಗೆ, ದೇವಿಗೆ ನಾನು ಹೇಳ್ಕೋತೀನಿ ಅಂತ ಕಿರುಚಿದರಂತೆ. ಬೀಗದ ಕೈ ಹಿಡಿದು ಶೆಟ್ಟರು ಬೀದಿಗಿಳಿದರೆ...

ಒಳಗೆ ಪದ್ದಿ ಕನಸು ಕಾಣ್ತಿದ್ದಳಂತೆ. ಮೋಡದ ಮೇಲೆ ಉಯ್ಯಾಲೆ. ಮೋಡ ಕೆಮ್ಮಿತಂತೆ. ಇವಳೂ ಕೆಮ್ಮಿ, ಅರೆನಿದ್ದೆಯಲ್ಲೇ ಎದ್ದು, ಬಾಗಿಲ ಸಂದಿಯ ಬೆಳಕಿನ ಗೆರೆಯ ಕಡೆ ತೂರಾಡಿಕೊಂಡು ಬಂದಳಂತೆ. ಎದೆಗೊಂದು ಪಟ್ಟಿ ತಗುಲಿತು, ಉಯ್ಯಾಲೆಯದೇ ಅಂದುಕೊಂಡು ಒರಗಿದಳು. ಬಾಗಿಲು ತೆರೆದೇ ಬಿಟ್ಟಿತಂತೆ! ತಲೆ ತುಂಬ ಹತ್ತಿ, ಕಣ್ಣುಜ್ಜಿಕೊಂಡು, ತಾತಾ, ಒಬ್ಬಟ್ಟು ಬಡಿಸಿದ್ರಾ ಅಂತ ಕೇಳಿದಳಂತೆ.

ಬೀದಿಯವರೆಲ್ಲ ನೀರು ಹೊಯ್ದು ಬೆಂಕಿ ಆರಿಸಿದರಂತೆ. ಆಮೇಲೆ ಮುದ್ದಮ್ಮ ಬಂದು, ಏನು ಶೆಟ್ರೇ, ಮೂಟೆ ಎದ್ದು ಬಂತಾ ಅಂದಳಂತೆ. ಬಂತವ್ವಾ, ಒಬ್ಬಟ್ಟು ಕೇಳ್ಕೊಂಡು ಬಂತು ಅಂತ ಶೆಟ್ಟರು ಮೊಮ್ಮಗಳನ್ನು ತಬ್ಬಿಕೊಂಡು ಗೊಳೋ ಅಂತ ಅತ್ತರಂತೆ.

ಆಮೇಲೆ ಪೇಟೆಯ ಎಲ್ಲ ಮಳಿಗೆಗೂ ಮುದ್ದಮ್ಮನದೇ ಬೀಗ. ಪೂಜೆಯಲ್ಲಿ ಮೊದಲ ಕುಂಕುಮ ಒಳಗಿನ ಪಟ್ಟಿಗೇ ಅಂತೆ. ಅವರೆಲ್ಲ ಅಲ್ಲಿ ಸುಖವಾಗಿದ್ದಾರೆ, ಕತೆಗೂ ನಿದ್ದೆ ಬಂತು, ಮುಗೀತು. ಏನು, ಇದೆಲ್ಲ ಯಾವತ್ತು ನಡೀತು ಅಂದ್ಯಾ? ಆಶ್ವಯುಜ ಶುದ್ಧ ನವಮಿ, ಮಂಗಳವಾರ, ಮಟಮಟ ಮಧ್ಯಾಹ್ನ.