ಅರಳಿಯ ಆರನೆಯ ಹಾಳೆ

ಅರಳಿ ಮರದ ಆರು ಋತುಗಳನ್ನು ಆರು ಹಾಳೆಗಳಲ್ಲಿ ಬಿಡಿಸಬೇಕಿತ್ತು. ಗ್ರೀಷ್ಮದಿಂದ ಶಿಶಿರದವರೆಗೆ ಐದು ಮುಗಿದಿದ್ದವು. ಮರ ಇನ್ನೂ ಬೋಳಾಗಿರುವಾಗಲೇ ಹಸಿರು ಪೆನ್ಸಿಲ್ ಕೊನೆಯ ಹಾಳೆಯಲ್ಲಿ ವಸಂತದ ಎಲೆಗಳನ್ನು ತುಂಬಿಸಿತು.

"ಚಿಗುರು ಬರಲಿ, ನೋಡಿ ಬರೆಯಿರಿ," ಎಂದಿತು ರಬ್ಬರ್.

"ಐದು ಋತು ಬರೆದವನಿಗೆ ಎಲೆ ತೋರಿಸಬೇಕೇ?"

ಯುಗಾದಿಯ ಹೊತ್ತಿಗೆ ಚಿಗುರು ಬಂತು. ಅದರ ಮೈಯೆಲ್ಲ ತಾಮ್ರದ ಕೆಂಪು.

"ಈ ಹಾಳೆಯಲ್ಲಿರುವವರು ಯಾರು?" ಎಂದು ಅದು ವಿಚಾರಿಸಿತು.

"ನೀವೇ. ಹದಿನೈದು ದಿನ ತಾಳಿ, ಹಸಿರಾಗುತ್ತೀರಿ."

"ಆಗ ನಾನು ಗ್ರೀಷ್ಮದ ಎಲೆ. ಅದನ್ನು ನೀವು ಆಗಲೇ ಬರೆದಿದ್ದೀರಿ."

ಪೆನ್ಸಿಲ್ ರಬ್ಬರಿನತ್ತ ತಿರುಗಿತು.

"ಬಣ್ಣ ನನ್ನಿಂದ ಹೋಗದು," ಎಂದಿತು ರಬ್ಬರ್. "ಇದ್ದದ್ದೇ ಆರು ಹಾಳೆ; ಮುಂದಿನ ವಸಂತಕ್ಕೆ ಹೊಸದು ತರಿಸೋಣ. ತಾವು ದಯಮಾಡಿ ಪೆಟ್ಟಿಗೆಯಲ್ಲೇ ಇರಿ. ಕೆಂಪು ಪೆನ್ಸಿಲ್ಲಿಗೆ ಹೇಳಿದ್ದೇನೆ."