ಗಂಟಿನ ಮೇಲೆ ಕೂತವರು

ಒಂದಾನೊಂದು ಕಾಲದಲ್ಲಿ, ಊರಿಂದೂರಿಗೆ ಹೋಗೋರೆಲ್ಲ ಗಂಟು ಹೊತ್ತು ನಡ್ಕೊಂಡೇ ಹೋಗ್ತಿದ್ದ ಕಾಲದಲ್ಲಿ, ಪುಟ್ಟೀರಿ ಅಂತ ಒಬ್ಬಳಿದ್ದಳಂತೆ. ಅವಳಿಗೆ ಮಾಳಿ ಅಂತ ಒಬ್ಬಳೇ ತಂಗಿ. ಅವ್ವ ಸತ್ತು ವರ್ಷ ಆಗಿತ್ತು. ಮಾಳಿನ ಕೊಟ್ಟಿದ್ದು ಕರಿಬಂಡೆ ಕಣಿವೆ ಆಚೆ ಊರಿಗೆ. ಅವಳಿಗೆ ದಿನ ತುಂಬಿತ್ತಂತೆ, ಅಕ್ಕಾ ಬೇಗ ಬಾ, ನೀನು ಪಕ್ಕದಲ್ಲಿ ಇಲ್ದಿದ್ರೆ ನಾನು ಉಳಿಯಲ್ಲ ಅಂತ ಹೇಳಿಕಳಿಸಿದಳಂತೆ.

ಪುಟ್ಟೀರಿ ಗಂಟು ಕಟ್ಟಕ್ಕೆ ಕೂತಳು. ಬಾಣಂತಿಗೆ ನೀರು ತುಂಬಕ್ಕೆ ಬೇಕಲ್ಲ ಅಂತ ಹಿತ್ತಾಳೆ ಬಿಂದಿಗೆ ಇಟ್ಟಳು, ಆಮೇಲೆ ಹತ್ತು ಸೇರು ರಾಗಿಹಿಟ್ಟು ಇಟ್ಟಳು, ಆಮೇಲೆ ಮಗು ಸುತ್ತಕ್ಕೆ ಅವ್ವನ ಹಳೇ ಸೀರೆ ಇಟ್ಟಳಂತೆ. ನೆರೆಮನೆ ಕಾಳಜ್ಜ ಬಂದು ನೋಡಿ, ಇಷ್ಟ್ಯಾಕವ್ವ, ಕಣಿವೆ ದಾಟೋಳು ಹಗೂರಕ್ಕೆ ಹೋಗು, ಗಂಟು ದೊಡ್ಡದಾದ್ರೆ ಮೇಲೆ ಕೂರಕ್ಕೆ ಜಾಗ ಆಗ್ತದೆ ಅಂದನಂತೆ. ಯಾರು ಕೂರಕ್ಕೆ ತಾತ ಅಂತ ಇವಳು ಕೇಳಿದ್ರೆ, ಕೋಲು ಊರ್ಕೊಂಡು ಎದ್ದುಹೋದನಂತೆ. ಪುಟ್ಟೀರಿ ಒಂದನ್ನೂ ಕೆಳಗಿಡಲಿಲ್ಲ. ತಾಯಿ ಇಲ್ಲದ ಹುಡುಗಿ ಮನೆಗೆ ಬರಿಗೈಲಿ ಹೋಗೋದು ಹೆಂಗೆ ಅಂದ್ಕೊಂಡು ಕೋಳಿ ಕೂಗೋ ಹೊತ್ತಿಗೆ ಹೊರಟಳಂತೆ.

ಕಣಿವೆ ಬಾಯಿಗೆ ಬರೋ ಹೊತ್ತಿಗೆ ಮಟಮಟ ಮಧ್ಯಾಹ್ನ. ಎರಡೂ ಕಡೆ ಕರೀ ಬಂಡೆ, ಒಂದು ಕಾಗೆ ಇಲ್ಲ, ಒಂದು ಎಲೆ ಅಲ್ಲಾಡಲ್ಲ. ಒಳಗೆ ಹೋದಂಗೆ ಹೋದಂಗೆ ಗಂಟು ಭಾರ ಆಯ್ತಂತೆ. ಕತ್ತು ಹೂತುಹೋಗೋ ಅಷ್ಟು ಭಾರ. ಬಿಸಿಲು ಸ್ವಲ್ಪ ವಾಲಿತು, ಅವಳ ನೆರಳು ಮುಂದೆ ಚಾಚಿತು, ಅದನ್ನ ನೋಡಿ ಅವಳ ಎದೆ ಝಲ್ ಅಂತಂತೆ. ನೆರಳಿನಲ್ಲಿ ಗಂಟಿನ ಮೇಲೆ ಮೂರು ಜನ ಕೂತಿದ್ದಾರೆ! ಕಾಲು ಇಳಿಬಿಟ್ಕೊಂಡು, ಆಡಿಸ್ತಾ ಕೂತಿದ್ದಾರೆ. ಕೈ ಮೇಲೆತ್ತಿ ತಡವಿದ್ರೆ ಬರೀ ಬಟ್ಟೆ, ಅದೂ ತಣ್ಣಗೆ.

ಆಗ ಮೇಲಿಂದ ಒಂದು ಒಣಗಿದ ಗಂಟಲು, ನೀರು ಹುಡುಕ್ತಾ ಇಲ್ಲೇ ಬಿದ್ದೆ ಕಣವ್ವ, ಆ ಬಿಂದಿಗೆ ಕೊಡು ಅಂತಂತೆ. ಮಾಳಿಗೆ ಅಂತ ತಂದಿದ್ದು, ಕೊಡೋ ಮನಸ್ಸಿಲ್ಲ, ಆದ್ರೂ ತೆಗೆದು ಬಂಡೆ ಮೇಲಿಟ್ಟಳು. ನೆರಳಿನಲ್ಲಿ ಒಬ್ಬರು ಇಳಿದರು. ಹಿಂದೆ ಖಾಲಿ ಬಿಂದಿಗೆಯಿಂದ ಗಟಗಟ ಕುಡಿಯೋ ಸದ್ದು. ಅವಳು ತಿರುಗಿ ನೋಡಲಿಲ್ಲ.

ಆಮೇಲೆ ಸ್ವಲ್ಪ ದೂರ ಹೋದ್ಮೇಲೆ ಇನ್ನೊಂದು ಗಂಟಲು, ಹಸಿವು, ಹಸಿವು ಅಂತ ಕಿವಿಗೇ ಬಾಯಿಟ್ಟು ಹೇಳ್ತಂತೆ. ಹಿಟ್ಟಿನ ಚೀಲಾನೂ ಇಳಿಸಿದಳು. ಎರಡನೆಯವರೂ ಇಳಿದರು.

ಮೂರನೆಯವರು ಇಳಿಯಲೇ ಇಲ್ಲ. ಉಳಿದಿದ್ದು ಒಂದು ಹಳೇ ಸೀರೆ, ಅದೇ ಕಲ್ಲಿನಂಗೆ ಭಾರ. ಕಣಿವೆ ಮುಗಿಯೋ ತಿರುವಿನಲ್ಲಿ ಪುಟ್ಟೀರಿ ಮಂಡಿಯೂರಿ ಕುಸಿದಳು. ಆಗ ಗಂಟಿನ ಮೇಲಿದ್ದ ಹೆಂಗಸು ಮೆಲ್ಲಗೆ, ನನ್ನ ಮಗಳಿಗೆ ಹೆರಿಗೆ ಆಯ್ತಾ ಅಂತ ಕೇಳಿದಳಂತೆ. ಬಾಣಂತನಕ್ಕೆ ಅಂತ ಮನೇನೇ ಹೊತ್ಕೊಂಡು ಹೊರಟೆ, ಇಲ್ಲಿಂದಾಚೆಗೆ ಹೆಜ್ಜೆ ಎತ್ತಕ್ಕಾಗಲಿಲ್ಲ, ಆಯ್ತಾ ಹೇಳವ್ವ, ಆಯ್ತಾ?

ಪುಟ್ಟೀರಿಗೆ ಹೆದರಿಕೆ ಹೋಗಿ ಅಳು ಬಂತಂತೆ. ಯಾವ ಕಾಲದ ಮಗಳೋ, ಅವಳೂ ಮುದುಕಿಯಾಗಿ ಹೋಗಿರಬೇಕು! ನಂಗೊತ್ತಿಲ್ಲ ಕಣವ್ವ, ನನ್ನ ತಂಗಿಗಂತೂ ಇನ್ನೂ ಆಗಿಲ್ಲ, ಒಬ್ಬಳೇ ಕಾಯ್ತಾ ಇದ್ದಾಳೆ ಅಂದಳು.

ಹಂಗಾದ್ರೆ ನನ್ನ ಮಗಳ ಕೂಸಿಗೆ ಸುತ್ತಕ್ಕೆ ಒಂದು ತುಂಡು ಕೊಡು, ಸಾಕು, ಅಂದಳಂತೆ ಆ ಹೆಂಗಸು. ಪುಟ್ಟೀರಿ ಅವ್ವನ ಸೀರೆನ ಪರ್ ಅಂತ ಎರಡಾಗಿ ಹರಿದು, ಒಂದನ್ನ ಬಂಡೆ ಮೇಲೆ ಹಾಸಿದಳು. ನೆತ್ತಿ ಹಗುರಾಯ್ತು. ಓಡು ಮಗಳೇ, ಬೇಗ ಓಡು ಅಂತ ಹಿಂದಿಂದ ಕೂಗಿದಂಗಾಯ್ತು. ಇವಳು ಓಡ್ತಾ ಇದ್ರೆ ಬಂಡೆಗಳ ನಡುವಿಂದ ಜೋಗುಳ ಕೇಳ್ತಿತ್ತಂತೆ, ಯಾರೋ ಬರಿ ಬಟ್ಟೆನ ಎದೆಗೊತ್ಕೊಂಡು ತೂಗ್ತಿದ್ದಂಗೆ.

ದೀಪ ಹಚ್ಚೋ ಹೊತ್ತಿಗೆ ತಂಗಿ ಮನೆ ಮುಟ್ಟಿದಳು. ಗಂಡ ಸೂಲಗಿತ್ತಿನ ಕರೆತರಕ್ಕೆ ಹೋಗಿದ್ದ, ಮಾಳಿ ಒಬ್ಬಳೇ ಕಂಬ ತಬ್ಬಿ ನಿಂತಿದ್ದಳಂತೆ. ಅಕ್ಕಾ ಬಂದ್ಯಾ ಅಂದವಳು ಹಂಗೇ ತೋಳಿಗೆ ಬಿದ್ದಳು. ಇನ್ನರ್ಧ ಗಳಿಗೆ ತಡ ಆಗಿದ್ರೂ ತಾಯಿ ಇಲ್ಲ, ಮಗು ಇಲ್ಲ. ಅಷ್ಟು ಕಷ್ಟದ ಹೆರಿಗೆ. ಪುಟ್ಟೀರಿ ಎರಡೂ ಕೈಲಿ ಹೆಣ್ಣುಕೂಸನ್ನ ಹಿಡಿದು, ಉಳಿದ ಅರ್ಧ ಸೀರೆಲಿ ಸುತ್ತಿದಳಂತೆ.

ಅಳು ಕೇಳಿ ಬೀದಿಯೋರೆಲ್ಲ ಬಂದರು. ಒಬ್ಬಳು ಹಂಡೆ ತಂದಳು, ಒಬ್ಬಳು ಹಿಟ್ಟು ತಂದಳು, ಒಬ್ಬಳು ಮೆಣಸು ಬೆಳ್ಳುಳ್ಳಿ ಕುಟ್ಟಿ ತಂದಳು. ಪುಟ್ಟೀರಿ ನೋಡ್ತಾ ಕೂತಳಂತೆ. ನೀನೇನಕ್ಕಾ ತಂದೆ ಅಂತ ಮಾಳಿ ನಗ್ತಾ ಕೇಳಿದ್ರೆ, ಸುಮ್ಮನಿರೇ, ನನ್ನನ್ನೇ ತಂದಿದ್ದೀನಲ್ಲ ಅಂದಳಂತೆ. ಮೂರು ತಿಂಗಳು ಇದ್ದು ಎರೆದಳು, ಉಣಿಸಿದಳು, ತೊಟ್ಟಿಲು ತೂಗಿದಳು. ಕೂಸು ಗುಂಡುಗುಂಡಗೆ ಆಯ್ತು, ಮಾಳಿ ಮುಖಕ್ಕೆ ಕಳೆ ಬಂತು, ಎಲ್ಲರೂ ನೆಮ್ಮದಿಯಾಗಿ ಉಂಡು ಮಲಗಿದರಂತೆ. ಅಲ್ಲಿಗೆ ನಾನು ಹೇಳೋ ಕತೆನೂ ಮುಗೀತು ಮಗಾ, ಕಂಬಳಿ ಒಳಗೆ ಕಾಲೆಳ್ಕೊಂಡು ಮಲ್ಕೋ.